ಅರಬ್ಬಿ ಸಮುದ್ರದ ಬೇಸಿಗೆಯ ಬಿಸಿ ಎಲ್ಲಿಂದ ಬರುತ್ತದೆ?

ಪ್ರತಿವರ್ಷ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಲಕ್ಷದ್ವೀಪದ ಸುತ್ತಲಿನ ಹಾಗೂ ಕೇರಳ, ಕರ್ನಾಟಕ ಕರಾವಳಿಗಳ ಎದುರಿನ ಸಮುದ್ರದ ಮೇಲ್ಮೈ ಉಷ್ಣಾಂಶ 30 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಆ ಹೊತ್ತಿಗೆ ಜಗತ್ತಿನ ತೆರೆದ ಸಾಗರಗಳಲ್ಲೇ ಅತಿ ಬೆಚ್ಚಗಿನ ನೀರಿರುವ ಪ್ರದೇಶಗಳಲ್ಲಿ ಇದೂ ಒಂದು. ಬೇಸಿಗೆಯ ಸೂರ್ಯ ನೆತ್ತಿಯ ಮೇಲೆ ಬರುವುದರಿಂದ ಹೀಗಾಗುತ್ತದೆ ಎಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಈ ವಿವರಣೆ ತಪ್ಪಲ್ಲವಾದರೂ ಅರ್ಧ ಮಾತ್ರ ಸರಿ. ಅದೇ ಅಕ್ಷಾಂಶದಲ್ಲಿ ಪೂರ್ವದಿಂದ ಪಶ್ಚಿಮದವರೆಗೆ ಹರಡಿರುವ ಅರಬ್ಬಿ ಸಮುದ್ರದ ಮೇಲೆಲ್ಲ ಬಿಸಿಲು ಹೆಚ್ಚುಕಡಿಮೆ ಒಂದೇ ತೆರನಾಗಿ ಬೀಳುತ್ತದೆ. ಆದರೂ ಬಿಸಿ ಮೊದಲು ಕಾಣಿಸಿಕೊಳ್ಳುವುದು ಅದರ ಆಗ್ನೇಯ ಮೂಲೆಯಲ್ಲಿ. ಆ ಮೂಲೆ ಮೇ ತಿಂಗಳಲ್ಲಿ ಕಾಯಬೇಕಾದರೆ ಹಿಂದಿನ ನವೆಂಬರಿನಿಂದಲೇ, ಅದೂ ಬಂಗಾಳ ಕೊಲ್ಲಿಯ ಕಡೆಯಿಂದ, ಸಿದ್ಧತೆ ನಡೆದಿರುತ್ತದೆ. ಆ ಸಿದ್ಧತೆ ಮಾಡುವವು ಸಾಗರದ ಪ್ರವಾಹಗಳು ಮತ್ತು ನೀರಿನೊಳಗೆ ಕಣ್ಣಿಗೆ ಕಾಣದಂತೆ ಸಾಗುವ ಬೃಹತ್ ಅಲೆಗಳು.

ಇದನ್ನು ಅರಿಯುವ ಅಗತ್ಯ ಈಗ ಹಿಂದೆಂದಿಗಿಂತ ಹೆಚ್ಚಾಗಿದೆ. ಮುಂಗಾರಿನ ಆಗಮನ, ಚಂಡಮಾರುತಗಳ ಬಲ, ಹವಳದ ದಿಬ್ಬಗಳ ಅಳಿವು ಉಳಿವು, ಮೀನಿನ ಇಳುವರಿ ಇವೆಲ್ಲವನ್ನೂ ಸಮುದ್ರದ ಉಷ್ಣಾಂಶದೊಂದಿಗೆ ಜೋಡಿಸಿ ಮಾತನಾಡುವುದು ರೂಢಿಯಾಗಿದೆ. ಆದರೆ ಆ ಚರ್ಚೆ ಉಪಗ್ರಹಗಳು ಕೊಡುವ ಮೇಲ್ಮೈ ಉಷ್ಣಾಂಶದ ಬಣ್ಣದ ನಕ್ಷೆಗಳಲ್ಲೇ ನಿಂತುಬಿಡುತ್ತದೆ. ಮೇಲ್ಮೈಯ ಕೆಳಗಿನ ಐವತ್ತು, ನೂರು ಮೀಟರುಗಳಲ್ಲಿ ಏನಿದೆ ಎಂಬುದನ್ನು ಬಿಟ್ಟು ಆ ನಕ್ಷೆಯನ್ನು ಓದಿದರೆ ತಪ್ಪು ತೀರ್ಮಾನಕ್ಕೆ ಬರುವ ಸಂಭವವೇ ಹೆಚ್ಚು.

ಮೊದಲು ಒಂದು ಸರಳ ಲೆಕ್ಕವನ್ನು ನೋಡೋಣ. ಭೂಮಿಯ ಇಡೀ ವಾತಾವರಣ ಹಿಡಿದಿಟ್ಟುಕೊಳ್ಳಬಲ್ಲಷ್ಟು ಶಾಖವನ್ನು ಸಾಗರದ ಮೇಲಿನ ಸುಮಾರು ಎರಡೂವರೆ ಮೀಟರ್ ನೀರೇ ಹಿಡಿದಿಟ್ಟುಕೊಳ್ಳುತ್ತದೆ. ಗಾಳಿ ಮತ್ತು ತೆರೆಗಳು ಸಮುದ್ರದ ಮೇಲ್ಭಾಗವನ್ನು ಸದಾ ಕಲಕುತ್ತಿರುವುದರಿಂದ ಅಲ್ಲಿ ಹೆಚ್ಚುಕಡಿಮೆ ಒಂದೇ ಉಷ್ಣಾಂಶವಿರುವ ಒಂದು ಪದರ ಏರ್ಪಡುತ್ತದೆ. ಇದನ್ನು ಮಿಶ್ರಪದರ ಎನ್ನುತ್ತಾರೆ. ಆವಿಯಾಗುವಿಕೆ ಮತ್ತು ಇತರ ನಷ್ಟಗಳನ್ನು ಕಳೆದ ಮೇಲೂ ಚದರ ಮೀಟರಿಗೆ 100 ವ್ಯಾಟ್ ಶಾಖ ಒಂದು ತಿಂಗಳ ಕಾಲ ಸಮುದ್ರಕ್ಕೆ ಸೇರಿತೆಂದು ಇಟ್ಟುಕೊಳ್ಳೋಣ. ಮಿಶ್ರಪದರದ ದಪ್ಪ 60 ಮೀಟರ್ ಆಗಿದ್ದರೆ ಅದರ ಉಷ್ಣಾಂಶ ಸುಮಾರು 1 ಡಿಗ್ರಿ ಏರುತ್ತದೆ. ದಪ್ಪ 20 ಮೀಟರ್ ಮಾತ್ರವಿದ್ದರೆ ಅಷ್ಟೇ ಶಾಖಕ್ಕೆ ಸುಮಾರು 3 ಡಿಗ್ರಿ ಏರುತ್ತದೆ. ಬಿಸಿಲು ಒಂದೇ ಆಗಿದ್ದರೂ ಫಲಿತಾಂಶ ಮೂರು ಪಟ್ಟು ಬೇರೆ. ಆದ್ದರಿಂದ ಉಷ್ಣವಲಯದ ಸಮುದ್ರ ಎಷ್ಟು ಕಾಯುತ್ತದೆ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾದರೆ, ಮಿಶ್ರಪದರದ ದಪ್ಪವನ್ನೂ ಅದರ ಕೆಳಗಿನ ತಣ್ಣೀರು ಎಷ್ಟು ಹತ್ತಿರದಲ್ಲಿದೆ ಎಂಬುದನ್ನೂ ನಿರ್ಧರಿಸುವುದು ಯಾವುದು ಎಂದು ಕೇಳಬೇಕಾಗುತ್ತದೆ.

ಮಿಶ್ರಪದರದ ಕೆಳಗೆ ಉಷ್ಣಾಂಶ ಥಟ್ಟನೆ ಕುಸಿಯುವ ಭಾಗಕ್ಕೆ ಥರ್ಮೊಕ್ಲೈನ್ ಎಂದು ಹೆಸರು. ಮೇಲಿನ ಬೆಚ್ಚಗಿನ ಹಗುರ ನೀರಿಗೂ ಕೆಳಗಿನ ತಣ್ಣನೆಯ ಭಾರದ ನೀರಿಗೂ ನಡುವಿನ ಈ ಗಡಿ ಸ್ಥಿರವಾಗಿ ನಿಲ್ಲುವುದಿಲ್ಲ. ಗಾಳಿ ಒಂದೆಡೆ ನೀರನ್ನು ತಳ್ಳಿ ರಾಶಿ ಹಾಕಿದರೆ ಅಲ್ಲಿ ಗಡಿ ಕೆಳಗೆ ತಗ್ಗುತ್ತದೆ. ನೀರನ್ನು ಸೆಳೆದೊಯ್ದರೆ ಮೇಲಕ್ಕೇರುತ್ತದೆ. ಈ ಏರಿಳಿತ ಹುಟ್ಟಿದಲ್ಲೇ ಉಳಿಯದೆ ಅಲೆಯಾಗಿ ದೂರ ದೂರಕ್ಕೆ ಸಾಗುತ್ತದೆ. ಭೂಮಿಯ ಆವರ್ತನೆಯಿಂದಾಗಿ ಇಂಥ ಅಲೆಗಳಲ್ಲಿ ಎರಡು ಬಗೆ ಮುಖ್ಯವಾಗುತ್ತವೆ. ಕೆಲ್ವಿನ್ ಅಲೆಗಳು ಸಮಭಾಜಕ ವೃತ್ತದ ಉದ್ದಕ್ಕೂ ಪಶ್ಚಿಮದಿಂದ ಪೂರ್ವಕ್ಕೆ ಓಡುತ್ತವೆ. ಉತ್ತರ ಗೋಳಾರ್ಧದ ಕರಾವಳಿಗಳಲ್ಲಿ ದಡವನ್ನು ಬಲಕ್ಕೆ ಇಟ್ಟುಕೊಂಡು ಅದಕ್ಕೆ ಅಂಟಿಕೊಂಡಂತೆ ಸಾಗುತ್ತವೆ. ಇವುಗಳ ವೇಗ ಸೆಕೆಂಡಿಗೆ ಸುಮಾರು ಎರಡೂವರೆ ಮೀಟರ್, ಅಂದರೆ ದಿನಕ್ಕೆ ಸುಮಾರು 200 ಕಿಲೋಮೀಟರ್. ರಾಸ್ಬಿ ಅಲೆಗಳು ಪೂರ್ವದಿಂದ ಪಶ್ಚಿಮಕ್ಕೆ ಸಾಗುತ್ತವೆ ಮತ್ತು ಸಮಭಾಜಕದಿಂದ ದೂರ ಹೋದಷ್ಟೂ ನಿಧಾನವಾಗುತ್ತವೆ. ದಡದಲ್ಲಿ ನಿಂತು ನೋಡುವ ತೆರೆಗಳಿಗೂ ಇವಕ್ಕೂ ಹೋಲಿಕೆಯೇ ಇಲ್ಲ. ಇವು ಹಾದುಹೋಗುವಾಗ ಸಮುದ್ರದ ಮಟ್ಟ ಕೆಲವೇ ಸೆಂಟಿಮೀಟರ್ ಏರಿಳಿಯುತ್ತದೆ, ಆದರೆ ಥರ್ಮೊಕ್ಲೈನ್ ಹತ್ತಾರು ಮೀಟರ್ ಏರಿಳಿಯುತ್ತದೆ. ಆ ಕೆಲವು ಸೆಂಟಿಮೀಟರುಗಳನ್ನು ಬಾಹ್ಯಾಕಾಶದಿಂದ ಅಳೆಯುವುದು 1992ರಲ್ಲಿ ಟೋಪೆಕ್ಸ್-ಪೊಸೈಡನ್ ಉಪಗ್ರಹ ಹಾರಿದ ಬಳಿಕವಷ್ಟೇ ನೆಚ್ಚಿಕೊಳ್ಳುವಷ್ಟು ನಿಖರವಾಯಿತು. ಭಾರತ ಮತ್ತು ಫ್ರಾನ್ಸ್ ಸೇರಿ 2013ರಲ್ಲಿ ಹಾರಿಸಿದ ಸರಳ್ ಉಪಗ್ರಹವೂ ಇದೇ ಕೆಲಸಕ್ಕೆಂದು ರೂಪುಗೊಂಡದ್ದು.

ಈಗ ಲಕ್ಷದ್ವೀಪದ ಕಡೆಗೆ ಬರೋಣ. ಮುಂಗಾರು ಮುಗಿದ ಮೇಲೆ ಗಂಗಾ ಮತ್ತು ಬ್ರಹ್ಮಪುತ್ರ ಸೇರಿದಂತೆ ದೊಡ್ಡ ನದಿಗಳು ತಂದು ಸುರಿದ ಸಿಹಿನೀರು ಬಂಗಾಳ ಕೊಲ್ಲಿಯ ಉತ್ತರ ಭಾಗದಲ್ಲಿ ತುಂಬಿಕೊಂಡಿರುತ್ತದೆ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಭಾರತದ ಪೂರ್ವ ಕರಾವಳಿಯ ಗುಂಟ ದಕ್ಷಿಣಕ್ಕೆ ಹರಿಯುವ ಪ್ರವಾಹವು ಈ ಕಡಿಮೆ ಉಪ್ಪಿನ ನೀರನ್ನು ಒಡಿಶಾ, ಆಂಧ್ರ, ತಮಿಳುನಾಡು ದಾಟಿಸಿ ಶ್ರೀಲಂಕಾವನ್ನು ಬಳಸಿ ಅರಬ್ಬಿ ಸಮುದ್ರದ ಆಗ್ನೇಯ ಭಾಗಕ್ಕೆ ತರುತ್ತದೆ. ಅಲ್ಲಿಂದ ಪಶ್ಚಿಮ ಕರಾವಳಿಯ ಪ್ರವಾಹ, ಚಳಿಗಾಲದಲ್ಲಿ ಉತ್ತರಾಭಿಮುಖವಾಗಿರುವುದರಿಂದ, ಅದನ್ನು ನಮ್ಮ ಕಡಲ ಕಡೆಗೂ ಒಯ್ಯುತ್ತದೆ. ಸಹ್ಯಾದ್ರಿಯ ಪೂರ್ವದ ಇಳಿಜಾರಿನಲ್ಲಿ ಸುರಿದು ಕೃಷ್ಣೆಯ ಮೂಲಕ ಬಂಗಾಳ ಕೊಲ್ಲಿಗೆ ಸೇರಿದ ಮಳೆನೀರಿನ ಒಂದು ಪಾಲೂ ಈ ಹರಿವಿನಲ್ಲಿ ಬೆರೆತಿರುತ್ತದೆ ಎಂಬುದು ನೆನಪಿಡಬೇಕಾದ ಸಂಗತಿ.

ಕಡಿಮೆ ಉಪ್ಪಿನ ನೀರು ಹಗುರವಾದ್ದರಿಂದ ಅದು ಹೆಚ್ಚು ಉಪ್ಪಿನ ಅರಬ್ಬಿ ಸಮುದ್ರದ ನೀರಿನ ಮೇಲೆ ಮುಚ್ಚಳದಂತೆ ಕೂರುತ್ತದೆ. ಮಿಶ್ರಪದರ ತೆಳುವಾಗುತ್ತದೆ, ಅದರ ಕೆಳಗೆ, ಥರ್ಮೊಕ್ಲೈನ್ ಆರಂಭವಾಗುವ ಮುನ್ನ, ಬೆಚ್ಚಗೇ ಇದ್ದರೂ ಉಪ್ಪು ಹೆಚ್ಚಿರುವ ಮತ್ತೊಂದು ಪದರ ಉಳಿಯುತ್ತದೆ. ಗಾಳಿ ಎಷ್ಟೇ ಕಲಕಿದರೂ ಮೇಲಕ್ಕೆ ಬರುವುದು ತಣ್ಣೀರಲ್ಲ, ಈ ಬೆಚ್ಚಗಿನ ನೀರು. ಹೀಗೆ ತಣ್ಣೀರಿಗೆ ತಡೆಯೊಡ್ಡುವ ಕಾರಣ ವಿಜ್ಞಾನಿಗಳು ಇದನ್ನು ತಡೆಪದರ ಎಂದು ಕರೆಯುತ್ತಾರೆ. ಚಳಿಗಾಲದಲ್ಲಿ ಇಲ್ಲಿ ಮೇಲ್ಮೈಗಿಂತ ಕೆಳಗಿನ ನೀರೇ ಹೆಚ್ಚು ಬೆಚ್ಚಗಿರುವ ವಿಲೋಮ ಸ್ಥಿತಿಯೂ ಕಂಡುಬರುತ್ತದೆ.

ಇದಿಷ್ಟು ಪ್ರವಾಹದ ಕೆಲಸ. ಅದೇ ತಿಂಗಳುಗಳಲ್ಲಿ ಅಲೆಗಳೂ ಕೆಲಸ ಮಾಡುತ್ತಿರುತ್ತವೆ. ಥರ್ಮೊಕ್ಲೈನನ್ನು ಕೆಳಕ್ಕೆ ತಗ್ಗಿಸುವ ಕೆಲ್ವಿನ್ ಅಲೆಗಳು ಬಂಗಾಳ ಕೊಲ್ಲಿಯ ಅಂಚನ್ನು ಸುತ್ತಿ, ಶ್ರೀಲಂಕಾವನ್ನು ದಾಟಿ, ಪಶ್ಚಿಮ ಕರಾವಳಿಯ ಗುಂಟ ಉತ್ತರಕ್ಕೆ ಏರುತ್ತವೆ. ಏರುತ್ತ ಹೋದಂತೆ ತಮ್ಮ ಶಕ್ತಿಯ ಒಂದಂಶವನ್ನು ರಾಸ್ಬಿ ಅಲೆಗಳಾಗಿ ಪಶ್ಚಿಮಕ್ಕೆ ಬಿಡುತ್ತವೆ. ಇದರ ಫಲವಾಗಿ ಲಕ್ಷದ್ವೀಪದ ಬಳಿ ಸಮುದ್ರದ ಮಟ್ಟ ಸುತ್ತಲಿಗಿಂತ ಎತ್ತರವಾಗಿರುವ ಒಂದು ವಿಶಾಲ ದಿಬ್ಬ ರೂಪುಗೊಳ್ಳುತ್ತದೆ ಮತ್ತು ಅದರ ಅಡಿಯಲ್ಲಿ ತಣ್ಣೀರು ಮತ್ತಷ್ಟು ಆಳಕ್ಕೆ ಸರಿಯುತ್ತದೆ. ಗೋವಾದ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯ ಎಸ್.ಎಸ್.ಸಿ. ಶೆಣೈ, ಡಿ. ಶಂಕರ್ ಮತ್ತು ಎಸ್.ಆರ್. ಶೆಟ್ಯೆ 1999ರಲ್ಲಿ ಪ್ರಕಟಿಸಿದ ಅಧ್ಯಯನವು ಈ ಎರಡು ಎಳೆಗಳನ್ನು, ಅಂದರೆ ಕೊಲ್ಲಿಯಿಂದ ಬಂದ ಸಿಹಿನೀರು ಮತ್ತು ದೂರದಿಂದ ಬಂದ ಅಲೆಗಳನ್ನು, ಮುಂಗಾರಿಗೆ ಮುನ್ನ ಕಾಣುವ ಬಿಸಿಯೊಂದಿಗೆ ಜೋಡಿಸಿತು. ಮಾರ್ಚ್ ತಿಂಗಳಲ್ಲಿ ಆಕಾಶ ತಿಳಿಯಾಗಿ ಬಿಸಿಲು ಬಲಿಯುವ ಹೊತ್ತಿಗೆ ಅಲ್ಲಿನ ನೀರು ಕಾಯಲು ಬೇಕಾದ ಎಲ್ಲ ಏರ್ಪಾಡೂ ಆಗಿರುತ್ತದೆ.

ಈ ವಿವರಣೆಗೆ ಪ್ರಶ್ನೆ ಎದ್ದಿಲ್ಲವೆಂದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜೈಸನ್ ಕುರಿಯನ್ ಮತ್ತು ಪಿ.ಎನ್. ವಿನಯಚಂದ್ರನ್ ಅವರು 2007ರಲ್ಲಿ ಗಣಕ ಮಾದರಿಗಳ ನೆರವಿನಿಂದ ಇದೇ ಪ್ರದೇಶವನ್ನು ಪರೀಕ್ಷಿಸಿ, ಪಶ್ಚಿಮ ಘಟ್ಟಗಳ ಪಾತ್ರವನ್ನು ಮುಂದಿಟ್ಟರು. ಚಳಿಗಾಲದಲ್ಲಿ ಈಶಾನ್ಯದಿಂದ ಬೀಸುವ ಗಾಳಿಯನ್ನು ಘಟ್ಟಗಳು ತಡೆಯುವುದರಿಂದ ಅವುಗಳ ಮರೆಯಲ್ಲಿರುವ ಸಮುದ್ರದ ಮೇಲೆ ಗಾಳಿ ಮೆಲುವಾಗಿರುತ್ತದೆ. ಗಾಳಿ ಮೆಲುವಾದರೆ ಆವಿಯಾಗುವಿಕೆ ಕಡಿಮೆ, ಆವಿಯಾಗುವಿಕೆ ಕಡಿಮೆಯಾದರೆ ಶಾಖದ ನಷ್ಟವೂ ಕಡಿಮೆ. ಅವರ ಲೆಕ್ಕದಲ್ಲಿ ಉಪ್ಪಿನಂಶದ ಪ್ರಭಾವ ಹಿಂದೆ ಭಾವಿಸಿದ್ದಷ್ಟು ನಿರ್ಣಾಯಕವಾಗಿರಲಿಲ್ಲ. ಯಾವ ಕಾರಣಕ್ಕೆ ಎಷ್ಟು ಪಾಲು ಎಂಬ ಚರ್ಚೆ ಮುಂದುವರಿದಿದೆ, ಮತ್ತು ನನ್ನ ದೃಷ್ಟಿಯಲ್ಲಿ ಅದು ಆರೋಗ್ಯಕರ ಚರ್ಚೆ. ಆದರೆ ಎರಡೂ ಪಕ್ಷಗಳು ಒಪ್ಪುವ ಅಂಶವೊಂದಿದೆ: ಮೇ ತಿಂಗಳ ಬಿಸಿಯನ್ನು ಮೇ ತಿಂಗಳ ಬಿಸಿಲೊಂದರಿಂದಲೇ ವಿವರಿಸಲಾಗದು.

ಜೂನ್ ಬಂದೊಡನೆ ಚಿತ್ರ ತಿರುವುಮುರುವಾಗುತ್ತದೆ. ಉತ್ತರ ಗೋಳಾರ್ಧದ ಬೇರೆ ಸಮುದ್ರಗಳು ಕಾಯುವ ಬೇಸಿಗೆಯ ನಡುಮಧ್ಯದಲ್ಲೇ ಅರಬ್ಬಿ ಸಮುದ್ರ ತಣಿಯತೊಡಗುತ್ತದೆ. ಮೋಡ ಕವಿಯುವುದು, ಬಿರುಗಾಳಿಗೆ ನೀರು ಆವಿಯಾಗುವುದು ಇದಕ್ಕೆ ಭಾಗಶಃ ಕಾರಣ. ಆದರೆ ನೀರಿನ ಚಲನೆಯ ಪಾಲು ಬಹು ದೊಡ್ಡದು. ಸೊಮಾಲಿಯಾ ಮತ್ತು ಓಮನ್ ತೀರದಲ್ಲಿ ನೈಋತ್ಯದ ಗಾಳಿ ಮೇಲಿನ ನೀರನ್ನು ದಡದಿಂದ ಆಚೆ ತಳ್ಳುತ್ತದೆ. ತೆರವಾದ ಜಾಗಕ್ಕೆ ಆಳದ ತಣ್ಣೀರು ಏರುತ್ತದೆ. ಸೊಮಾಲಿಯಾದ ಎದುರು ಮೇಲ್ಮೈ ಉಷ್ಣಾಂಶ 20 ಡಿಗ್ರಿಗಿಂತಲೂ ಕೆಳಗಿಳಿಯುವುದುಂಟು, ಅದೂ ಸಮಭಾಜಕದಿಂದ ಕೆಲವೇ ಡಿಗ್ರಿ ದೂರದಲ್ಲಿ. ಇದಲ್ಲದೆ ಮುಂಗಾರಿನ ಗಾಳಿಯಿಂದ ಮೇಲ್ಪದರದ ಬೆಚ್ಚಗಿನ ನೀರು ದಕ್ಷಿಣಕ್ಕೆ, ಸಮಭಾಜಕವನ್ನು ದಾಟಿ ಸಾಗುತ್ತದೆ. ಅದರ ಬದಲಿಗೆ ದಕ್ಷಿಣ ಗೋಳಾರ್ಧದ ತಂಪು ನೀರು ಆಳದಲ್ಲಿ ಉತ್ತರಕ್ಕೆ ಬರುತ್ತದೆ. ಉತ್ತರ ದಿಕ್ಕಿನಲ್ಲಿ ಏಷ್ಯಾ ಖಂಡ ಅಡ್ಡಗಟ್ಟಿರುವ ಹಿಂದೂ ಮಹಾಸಾಗರಕ್ಕೆ ತನ್ನ ಹೆಚ್ಚುವರಿ ಶಾಖವನ್ನು ಹೊರಹಾಕಲು ಇರುವ ಮುಖ್ಯ ದಾರಿ ಇದು.

ಬಂಗಾಳ ಕೊಲ್ಲಿ ಮಾತ್ರ ಅದೇ ಮುಂಗಾರಿನ ಗಾಳಿಗೆ ಅಷ್ಟಾಗಿ ತಣಿಯುವುದಿಲ್ಲ. ಸಿಹಿನೀರಿನ ಪದರ ಗಾಳಿಯ ಕಲಕುವಿಕೆಯನ್ನು ತಡೆಯುವುದರಿಂದ ಅದರ ಮೇಲ್ಮೈ 28 ಡಿಗ್ರಿಯ ಮೇಲೆಯೇ ಉಳಿಯುತ್ತದೆ. ಈ 28 ಡಿಗ್ರಿ ಎಂಬ ಅಂಕಿಗೆ ಮಹತ್ವವಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡ್ಗೀಳ್ ಮತ್ತು ಸಹೋದ್ಯೋಗಿಗಳು 1984ರಲ್ಲಿ ತೋರಿಸಿದಂತೆ, ಸಮುದ್ರದ ಮೇಲ್ಮೈ ಸುಮಾರು 28 ಡಿಗ್ರಿ ದಾಟಿದಾಗ ಎತ್ತರದ ಮಳೆಮೋಡಗಳು ಕಟ್ಟುವ ಸಾಧ್ಯತೆ ಗಣನೀಯವಾಗಿ ಹೆಚ್ಚುತ್ತದೆ. ಆದ್ದರಿಂದ ಕೊಲ್ಲಿಯಲ್ಲಿ ವಾಯುಭಾರ ಕುಸಿತಗಳು ಒಂದರ ಹಿಂದೊಂದು ಹುಟ್ಟಿ ಒಳನಾಡಿಗೆ ಮಳೆ ತರುತ್ತವೆ. ಇದೇ ಋತುವಿನಲ್ಲಿ ಅರಬ್ಬಿ ಸಮುದ್ರದ ಉಪ್ಪುನೀರು ಶ್ರೀಲಂಕಾದ ದಕ್ಷಿಣದಿಂದ ಕೊಲ್ಲಿಯೊಳಕ್ಕೆ ನುಗ್ಗುತ್ತದೆ. 2016ರ ಜೂನ್ ಮತ್ತು ಜುಲೈ ತಿಂಗಳಲ್ಲಿ ಸಿಂಧು ಸಾಧನಾ ಹಡಗಿನಲ್ಲಿ ನಡೆದ ಭಾರತ ಮತ್ತು ಬ್ರಿಟನ್‌ನ ಜಂಟಿ ಪ್ರಯೋಗವು ಈ ಉಪ್ಪುನೀರಿನ ಹರಿವನ್ನು ನೇರವಾಗಿ ಅಳೆಯಿತು. ಎರಡು ಸಮುದ್ರಗಳು ವರ್ಷಕ್ಕೊಮ್ಮೆ ಹೀಗೆ ನೀರು ವಿನಿಮಯ ಮಾಡಿಕೊಳ್ಳುವುದರಿಂದಲೇ ಒಂದರ ಶಾಖವನ್ನು ಇನ್ನೊಂದರಿಂದ ಬೇರ್ಪಡಿಸಿ ನೋಡುವುದು ಕಷ್ಟ.

ಮುಂಗಾರಿನಲ್ಲಿ ನಮ್ಮ ಪಶ್ಚಿಮ ಕರಾವಳಿಯ ಪ್ರವಾಹ ದಕ್ಷಿಣಕ್ಕೆ ತಿರುಗುತ್ತದೆ. ಕೇರಳದಿಂದ ಆರಂಭವಾಗಿ ಕರ್ನಾಟಕದ ಕಡೆಗೆ ಸರಿಯುತ್ತ ಆಳದ ತಣ್ಣೀರು ದಡದತ್ತ ಏರುತ್ತದೆ. ಇದು ಕೇವಲ ಸ್ಥಳೀಯ ಗಾಳಿಯ ಪರಿಣಾಮವಲ್ಲ. ದಕ್ಷಿಣದ ತುದಿಯನ್ನು ಸುತ್ತಿ ಬರುವ, ಈ ಬಾರಿ ಥರ್ಮೊಕ್ಲೈನನ್ನು ಮೇಲೆತ್ತುವ ಬಗೆಯ ಕೆಲ್ವಿನ್ ಅಲೆಗಳೂ ಇದರಲ್ಲಿ ಸೇರಿವೆ. ಆಳದ ನೀರಿನೊಂದಿಗೆ ಬರುವ ಪೋಷಕಾಂಶಗಳಿಂದ ಸೂಕ್ಷ್ಮ ಸಸ್ಯಗಳು ಬೆಳೆದು, ಅವುಗಳ ಮೇಲೆ ಬೂತಾಯಿ ಮತ್ತು ಬಂಗುಡೆ ಮೀನುಗಳ ಬದುಕು ನಿಂತಿದೆ. ಆದರೆ ಅದೇ ನೀರಿನಲ್ಲಿ ಆಮ್ಲಜನಕ ತೀರ ಕಡಿಮೆ. ತಣ್ಣೀರು ಅತಿಯಾಗಿ, ಬಹುಕಾಲ ದಡದ ಬಳಿ ನಿಂತರೆ ಮೀನುಗಳು ಉಸಿರುಗಟ್ಟಿ ದೂರ ಸರಿಯುತ್ತವೆ; ಬಾರದೇ ಹೋದರೆ ಆಹಾರವಿಲ್ಲದೆ ಸೊರಗುತ್ತವೆ. ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಇದ್ದ ಬೂತಾಯಿ ಇಳುವರಿ 2021ರಲ್ಲಿ ಕೆಲವೇ ಸಾವಿರ ಟನ್‌ಗೆ ಕುಸಿಯಿತು. ಅದಕ್ಕೆ ಅತಿಯಾದ ಮೀನುಗಾರಿಕೆ ಸೇರಿ ಹಲವು ಕಾರಣಗಳಿವೆ. ಎಲ್ಲವನ್ನೂ ಸಮುದ್ರ ಬಿಸಿಯಾಗುವುದರ ತಲೆಗೆ ಕಟ್ಟುವುದು ಸುಲಭವಾದರೂ ಸರಿಯಲ್ಲ. ಕೆಳಗಿನ ನೀರು ಯಾವ ವರ್ಷ ಎಷ್ಟು ಮೇಲೇರಿತು ಎಂಬ ಅಳತೆಯಿಲ್ಲದೆ ಆ ಕಾರಣಗಳನ್ನು ಬಿಡಿಸಿ ನೋಡುವುದಂತೂ ಸಾಧ್ಯವೇ ಇಲ್ಲ.

ಈ ಅಲೆಗಳು ಎಲ್ಲಿ ಹುಟ್ಟುತ್ತವೆ ಎಂದು ಹಿಂದೆ ಹಿಂದಕ್ಕೆ ಹೋದರೆ ಸಮಭಾಜಕ ವೃತ್ತವನ್ನು ತಲುಪುತ್ತೇವೆ. ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್ ತಿಂಗಳುಗಳಲ್ಲಿ, ಎರಡು ಮಾರುತಗಳ ನಡುವಿನ ಸಂಧಿಕಾಲದಲ್ಲಿ, ಹಿಂದೂ ಮಹಾಸಾಗರದ ಸಮಭಾಜಕದ ಮೇಲೆ ಪಶ್ಚಿಮದ ಗಾಳಿ ಬೀಸಿ ನೀರನ್ನು ಪೂರ್ವಕ್ಕೆ, ಕೆಲವೊಮ್ಮೆ ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಅಟ್ಟುತ್ತದೆ. 1973ರಲ್ಲಿ ಇದನ್ನು ವಿವರಿಸಿದ ಕ್ಲಾಸ್ ವಿರ್ಟ್ಕಿ ಅವರ ಹೆಸರಿನಲ್ಲೇ ಈ ಪ್ರವಾಹವನ್ನು ಕರೆಯುತ್ತಾರೆ. ಇದು ಬೆಚ್ಚಗಿನ ನೀರನ್ನು ಸುಮಾತ್ರಾ ದ್ವೀಪದ ಕಡೆ ರಾಶಿ ಹಾಕುತ್ತದೆ. ಆದರೆ ಕೆಲವು ವರ್ಷ ಗಾಳಿ ದಿಕ್ಕು ಬದಲಿಸಿ ಪೂರ್ವದಿಂದ ಬೀಸಿದಾಗ ಈ ಪ್ರವಾಹ ದುರ್ಬಲಗೊಳ್ಳುತ್ತದೆ. ಪೂರ್ವಕ್ಕೆ ಓಡುವ ಕೆಲ್ವಿನ್ ಅಲೆ ಸುಮಾತ್ರಾ, ಜಾವಾ ತೀರದಲ್ಲಿ ತಣ್ಣೀರನ್ನು ಮೇಲೆತ್ತುತ್ತದೆ. ಸಮಭಾಜಕದ ಇಕ್ಕೆಲಗಳಲ್ಲಿ ಪಶ್ಚಿಮಕ್ಕೆ ಸಾಗುವ ರಾಸ್ಬಿ ಅಲೆಗಳು ಥರ್ಮೊಕ್ಲೈನನ್ನು ತಗ್ಗಿಸಿ ಸಾಗರದ ಪಶ್ಚಿಮದಲ್ಲಿರುವ ಸೀಶೆಲ್ಸ್ ದ್ವೀಪಗಳ ಕಡೆಯ ನೀರನ್ನು ಬಿಸಿಯಾಗಿಸುತ್ತವೆ. 1999ರಲ್ಲಿ ಎನ್.ಎಚ್. ಸಾಜಿ, ಬಿ.ಎನ್. ಗೋಸ್ವಾಮಿ, ವಿನಯಚಂದ್ರನ್ ಮತ್ತು ತೋಶಿಯೊ ಯಮಗಾಟಾ ಅವರು ಹಿಂದೂ ಮಹಾಸಾಗರದ ದ್ವಿಧ್ರುವ ಎಂದು ಹೆಸರಿಸಿದ್ದು ಇದನ್ನೇ. 2019ರಲ್ಲಿ ಅದು ಅತ್ಯಂತ ಪ್ರಬಲವಾಗಿ ಕಾಣಿಸಿಕೊಂಡಿತು. ಆ ವರ್ಷದ ಕೊನೆಯಲ್ಲಿ ಪೂರ್ವ ಆಫ್ರಿಕಾ ನೆರೆಗೆ ಸಿಲುಕಿತು, ಆಸ್ಟ್ರೇಲಿಯಾ ಬರ ಮತ್ತು ಕಾಡ್ಗಿಚ್ಚಿನಲ್ಲಿ ಬೆಂದಿತು.

ಇಲ್ಲೊಂದು ಸೂಕ್ಷ್ಮವಿದೆ. ಥರ್ಮೊಕ್ಲೈನ್ ಎಷ್ಟೇ ಏರಿಳಿದರೂ ಅದು ಎಲ್ಲ ಕಡೆಯೂ ಮೇಲ್ಮೈ ಉಷ್ಣಾಂಶವನ್ನು ಬದಲಿಸುವುದಿಲ್ಲ. ತಣ್ಣೀರು 120 ಮೀಟರ್ ಆಳದಲ್ಲಿರುವ ಕಡೆ ಅದು 20 ಮೀಟರ್ ಮೇಲೆ ಬಂದರೂ ಮೇಲ್ಮೈಗೆ ಸುದ್ದಿಯೇ ತಿಳಿಯುವುದಿಲ್ಲ. 40 ಮೀಟರ್ ಆಳದಲ್ಲಿರುವ ಕಡೆ ಅಷ್ಟೇ ಏರಿಕೆ ಸಮುದ್ರದ ಸ್ಥಿತಿಯನ್ನೇ ಬದಲಿಸಿಬಿಡುತ್ತದೆ. ಸುಮಾತ್ರಾ ತೀರ, ಸೀಶೆಲ್ಸ್ ಮತ್ತು ಶಾಗೋಸ್ ದ್ವೀಪಗಳ ನಡುವಿನ ಪ್ರದೇಶ, ಮುಂಗಾರಿನ ವೇಳೆಯ ನಮ್ಮ ಪಶ್ಚಿಮ ಕರಾವಳಿ ಇವೆಲ್ಲ ಈ ಎರಡನೆಯ ಬಗೆಗೆ ಸೇರಿದವು. ಪ್ರಬಲ ದ್ವಿಧ್ರುವದ ವರ್ಷಗಳಲ್ಲಿ ಸಮಭಾಜಕದ ಗಾಳಿಯಿಂದ ಹೊರಟ ಸಂಕೇತವು ಭಾರತದ ದಕ್ಷಿಣ ತುದಿಯ ಮೂಲಕ ಪಶ್ಚಿಮ ಕರಾವಳಿಗೆ ತಲುಪಿ ಥರ್ಮೊಕ್ಲೈನನ್ನು ತಗ್ಗಿಸುತ್ತದೆ ಮತ್ತು ಅದರಿಂದ ಮುಂಗಾರಿನ ಕೊನೆಯಲ್ಲಿ ದಡದ ಬಳಿಯ ಆಮ್ಲಜನಕದ ಕೊರತೆ ತಗ್ಗುತ್ತದೆ ಎಂದು 2017ರ ಅಧ್ಯಯನವೊಂದು ತೋರಿಸಿದೆ. ಸಾವಿರಾರು ಕಿಲೋಮೀಟರ್ ದೂರದ ಗಾಳಿಯೊಂದು ಮಲ್ಪೆ, ಕಾರವಾರದ ಎದುರಿನ ನೀರಿನ ಗುಣವನ್ನು ಹೀಗೆ ಬದಲಿಸಬಲ್ಲದು.

ಮೇಲ್ಮೈಯ ಸಾಮಾನ್ಯ ತೆರೆಗಳ ಪಾತ್ರ ಇದಕ್ಕಿಂತ ಚಿಕ್ಕದಾದರೂ ಕಡೆಗಣಿಸುವಂಥದಲ್ಲ. ಮುರಿಯುವ ತೆರೆಗಳು ಮೇಲಿನ ಕೆಲವು ಮೀಟರ್ ನೀರನ್ನು ಕಲಕುತ್ತವೆ; ಗಾಳಿ ಮತ್ತು ತೆರೆಗಳು ಸೇರಿ ನೀರಿನಲ್ಲಿ ಸುರುಳಿ ಸುರುಳಿಯಾದ ತಿರುಗಾಟವನ್ನು ಎಬ್ಬಿಸಿ ಶಾಖವನ್ನು ಇನ್ನಷ್ಟು ಕೆಳಕ್ಕೆ ಇಳಿಸುತ್ತವೆ. ಅಂಡಮಾನ್ ಸಮುದ್ರದಲ್ಲಿ ಉಬ್ಬರವಿಳಿತದ ನೀರು ಸಮುದ್ರತಳದ ದಿಣ್ಣೆಗಳ ಮೇಲೆ ಹಾಯುವಾಗ ಹುಟ್ಟುವ ಒಳ ಅಲೆಗಳು ಹತ್ತಾರು ಮೀಟರ್ ಎತ್ತರದವು. ಅವು ಒಡೆದಾಗ ತಣ್ಣೀರು ಮತ್ತು ಬಿಸಿನೀರು ಬೆರೆಯುತ್ತವೆ. ಹವಾಮಾನ ಮಾದರಿಗಳಿಗೆ ಇಂದಿಗೂ ಸರಿಯಾಗಿ ಹಿಡಿಯಲಾಗದ ಸಂಗತಿಗಳಲ್ಲಿ ಈ ಬೆರಕೆಯೂ ಒಂದು.

ಇವೆಲ್ಲದರ ನೇರ ಪರಿಣಾಮ ಚಂಡಮಾರುತಗಳಲ್ಲಿ ಕಾಣುತ್ತದೆ. ಚಂಡಮಾರುತ ತಾನು ಹಾಯುವ ದಾರಿಯ ನೀರನ್ನು ಆಳದವರೆಗೆ ಕಲಕುತ್ತದೆ. ಕೆಳಗೆ ತಣ್ಣೀರು ಹತ್ತಿರವಿದ್ದರೆ ಅದು ಮೇಲೆ ಬಂದು ಚಂಡಮಾರುತದ ಬಲವನ್ನೇ ಕುಗ್ಗಿಸುತ್ತದೆ. ಬೆಚ್ಚಗಿನ ಪದರ ದಪ್ಪವಾಗಿದ್ದರೆ ಕಲಕಿದಷ್ಟೂ ಬಿಸಿನೀರೇ ಸಿಗುತ್ತದೆ. 2021ರ ಮೇ ತಿಂಗಳಲ್ಲಿ ಲಕ್ಷದ್ವೀಪದ ಬಳಿ ರೂಪುಗೊಂಡ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯನ್ನು ಅಪ್ಪಳಿಸುತ್ತ ಉತ್ತರಕ್ಕೆ ಸಾಗಿ ಗುಜರಾತಿಗೆ ತಲುಪುವ ಹೊತ್ತಿಗೆ ಅತ್ಯಂತ ಪ್ರಬಲವಾಗಿತ್ತು. ಅದು ಹುಟ್ಟಿದ್ದು ಇಲ್ಲಿಯವರೆಗೆ ವಿವರಿಸಿದ ಅದೇ ಬಿಸಿನೀರಿನ ತಾಣದಲ್ಲಿ. ಮೇಲ್ಮೈಯಲ್ಲಿ ಒಂದೇ 30 ಡಿಗ್ರಿ ತೋರುವ ಎರಡು ಪ್ರದೇಶಗಳು ಚಂಡಮಾರುತದ ಮಟ್ಟಿಗೆ ಒಂದೇ ಅಲ್ಲ. ಹೈದರಾಬಾದಿನಲ್ಲಿರುವ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವು ಉಷ್ಣಾಂಶದ ಜೊತೆಗೆ ಮೇಲ್ಪದರದಲ್ಲಿ ಅಡಗಿರುವ ಒಟ್ಟು ಶಾಖವನ್ನೂ ಲೆಕ್ಕಹಾಕುವುದು ಇದಕ್ಕಾಗಿಯೇ.

ಕೇಂದ್ರ ಭೂವಿಜ್ಞಾನ ಸಚಿವಾಲಯದ 2020ರ ವರದಿಯ ಪ್ರಕಾರ ಉಷ್ಣವಲಯದ ಹಿಂದೂ ಮಹಾಸಾಗರದ ಮೇಲ್ಮೈ 1951ರಿಂದ 2015ರ ನಡುವೆ ಸರಾಸರಿ 1 ಡಿಗ್ರಿ ಬಿಸಿಯಾಗಿದೆ. ಮೇಲಿನ ನೀರು ಬಿಸಿಯಾದಂತೆ ಹಗುರವಾಗುತ್ತದೆ, ಕೆಳಗಿನ ನೀರಿನೊಂದಿಗೆ ಬೆರೆಯಲು ಒಲ್ಲದಾಗುತ್ತದೆ. ಹಸಿರುಮನೆ ಅನಿಲಗಳಿಂದ ಆಗುತ್ತಿರುವ ಈ ತಾಪ ಏರಿಕೆ ಅಲೆ ಮತ್ತು ಪ್ರವಾಹಗಳ ಕೆಲಸದ ಮೇಲೆ ಹೇರಿಕೆಯಾಗಿ ಬರುತ್ತದೆ. ಹಿಂದೆ ಸಾಧಾರಣ ಎನಿಸುತ್ತಿದ್ದ ಒಂದು ಕೆಲ್ವಿನ್ ಅಲೆ ಈಗ ಹವಳಗಳ ಸಹನೆಯ ಮಿತಿಯನ್ನು ದಾಟಿಸಲು ಸಾಕಾಗುತ್ತದೆ. ಲಕ್ಷದ್ವೀಪದ ಹವಳಗಳು 1998, 2010, 2016 ಮತ್ತು 2024ರಲ್ಲಿ ದೊಡ್ಡ ಪ್ರಮಾಣದಲ್ಲಿ ಬಿಳಿಚಿಕೊಂಡವು. ಎಲ್ಲವೂ ಎಲ್ ನಿನೊ, ಅಂದರೆ ಪೆಸಿಫಿಕ್ ಸಾಗರದ ಸಮಭಾಜಕ ಪ್ರದೇಶ ಅಸಹಜವಾಗಿ ಬಿಸಿಯಾಗುವ ವಿದ್ಯಮಾನದ, ಬೆನ್ನಿಗೆ ಬಂದ ವರ್ಷಗಳೇ. ಎರಡು ಹೊಡೆತಗಳ ನಡುವಿನ ಅಂತರ ಹನ್ನೆರಡು ವರ್ಷದಿಂದ ಆರಕ್ಕೆ, ಎಂಟಕ್ಕೆ ಇಳಿದಿದೆ. ಹವಳ ಚೇತರಿಸಿಕೊಳ್ಳಲು ದಶಕವೇ ಬೇಕಾಗುವಾಗ ಈ ಅಂತರ ಸಾಲದು.

ಈ ಕಾರಣಕ್ಕೆ ಮುನ್ನೆಚ್ಚರಿಕೆ ಎಂಬುದು ನವೆಂಬರಿನಲ್ಲೇ ಆರಂಭವಾಗಬೇಕು. ಕೊಲ್ಲಿಯಿಂದ ಬಂದ ನೀರಿನಲ್ಲಿ ಉಪ್ಪಿನಂಶ ಎಷ್ಟಿತ್ತು, ಲಕ್ಷದ್ವೀಪದ ಬಳಿ ಸಮುದ್ರದ ಮಟ್ಟ ಎಷ್ಟು ಏರಿತು, ಥರ್ಮೊಕ್ಲೈನ್ ಎಷ್ಟು ಆಳದಲ್ಲಿದೆ ಎಂಬ ಮೂರು ಅಳತೆಗಳು ಡಿಸೆಂಬರ್ ಹೊತ್ತಿಗೆ ಕೈಸೇರಿದರೆ ಮೇ ತಿಂಗಳ ಬಿಸಿಯ ಬಗ್ಗೆ ತಿಂಗಳುಗಳ ಮೊದಲೇ ಏನಾದರೂ ಹೇಳಲು ಆಧಾರ ಸಿಗುತ್ತದೆ. ಉಪಗ್ರಹಗಳು ಮೊದಲಿನ ಎರಡನ್ನು ಸ್ವಲ್ಪಮಟ್ಟಿಗೆ ಕೊಡುತ್ತವೆ, ಆದರೆ ದಡದ ಹತ್ತಿರ ಅವುಗಳ ನಿಖರತೆ ಕುಸಿಯುತ್ತದೆ. ಮೂರನೆಯದಕ್ಕೆ ನೀರಿನಲ್ಲಿ ಮುಳುಗಿ ಏಳುವ ಆರ್ಗೊ ಉಪಕರಣಗಳು ಮತ್ತು ಲಂಗರು ಹಾಕಿ ತೇಲಬಿಟ್ಟ ಬೋಯೆಗಳೇ ಬೇಕು. ಆರ್ಗೊ ಉಪಕರಣಗಳು ಸಾಮಾನ್ಯವಾಗಿ ಹತ್ತು ದಿನಕ್ಕೊಮ್ಮೆ ಅಳೆಯುತ್ತವೆ, ಆಳವಿಲ್ಲದ ಕರಾವಳಿಯಲ್ಲಿ ಕೆಲಸ ಮಾಡುವುದಿಲ್ಲ. ಹಿಂದೂ ಮಹಾಸಾಗರದ ಬೋಯೆಗಳ ಜಾಲವಂತೂ ಹಡಗುಗಳು ಹೋಗಲಾಗದ ಕೋವಿಡ್ ವರ್ಷಗಳಲ್ಲಿ ದುರಸ್ತಿಯಿಲ್ಲದೆ ಸೊರಗಿತು. ಬೋಯೆಗಳ ಸುತ್ತ ಮೀನು ಸೇರುವುದರಿಂದ ದೋಣಿಗಳನ್ನು ಅವಕ್ಕೇ ಕಟ್ಟಿ ಮೀನು ಹಿಡಿಯುವಾಗ ಉಪಕರಣಗಳು ಹಾಳಾಗುವುದೂ ಹಳೆಯ ಸಮಸ್ಯೆ. ಕರಾವಳಿಯ ಮೀನುಗಾರರ ಸಹಕಾರ ಸಂಘಗಳನ್ನು ಈ ಅಳತೆಯ ಕೆಲಸದಲ್ಲಿ ಪಾಲುದಾರರನ್ನಾಗಿ ಮಾಡಿ, ಅವರ ದೋಣಿಗಳಿಂದಲೇ ಉಷ್ಣಾಂಶ ಮತ್ತು ಉಪ್ಪಿನಂಶ ಅಳೆಯುವ ಸಣ್ಣ ಉಪಕರಣಗಳನ್ನು ನೀರಿಗಿಳಿಸುವ ವ್ಯವಸ್ಥೆ ಮಾಡಿದರೆ ಆರ್ಗೊ ತಲುಪದ ಆ ಕಿರಿದಾದ ಪಟ್ಟಿಯ ಮಾಹಿತಿ ಸಿಗುತ್ತದೆ. ಮುಂಗಾರಿನಲ್ಲಿ ತಣ್ಣೀರು ಮೇಲೇಳುವುದೂ ಬೂತಾಯಿ ಬರುವುದೂ ಆ ಪಟ್ಟಿಯಲ್ಲೇ.